ಕತ್ತಿ ಮಸೆಯುವವನು

ಸಾಣೆಕಲ್ಲನ್ನು ಯಾರೋ ಮುಟ್ಟಿದ್ದಾರೆ ಎಂದು ಭಾನುವಾರ ಬೆಳಗ್ಗೆ ಹಿತ್ತಲಿನ ಕಟ್ಟೆಯ ಮೇಲೆ ಕೂತ ತಕ್ಷಣ ಅವನಿಗೆ ಅನ್ನಿಸಿತು. ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ತೂತು ಬಿದ್ದ ಬಕೆಟ್ಟಿನೊಳಗೆ, ಹರಕು ಟವೆಲ್ಲಿನಲ್ಲಿ ಸುತ್ತಿಟ್ಟಿದ್ದು ಸುತ್ತಿದಂತೆಯೇ ಇತ್ತು. ಆದರೆ ಅವನು ಟವೆಲ್ಲಿನ ಅಂಚನ್ನು ಯಾವಾಗಲೂ ಒಳಗೆ ಮಡಚುತ್ತಿದ್ದ, ಇದು ಹೊರಗೆ ಮಡಚಿತ್ತು. ಬೇರೆ ಯಾರಾದರೂ ಆಗಿದ್ದರೆ ಇದನ್ನು ಗಮನಿಸುತ್ತಲೇ ಇರಲಿಲ್ಲ. ಅವನು ಗಮನಿಸಿದ, ಯಾಕೆಂದರೆ ಅವನಿಗೆ ಸಂಬಳ ಬರುವುದೇ ಅನುಮಾನಪಡುವುದಕ್ಕೆ. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಅಂದಮೇಲೆ ತಕ್ಕಡಿ ನೆಟ್ಟಗೆ ನಿಂತಿದ್ದರೂ ಅದರ ಹೊಟ್ಟೆಯ ಕೆಳಗೆ ಕೈಹಾಕಿ ಅಯಸ್ಕಾಂತ ಅಂಟಿಸಿದ್ದಾರಾ ಎಂದು ನೋಡಬೇಕು. ಅವನು ಸ್ಕೂಟರಿನಿಂದ ಇಳಿಯುವ ಮೊದಲೇ ಬೀದಿಯ ಆ ತುದಿಯವರೆಗೆ ಸುದ್ದಿ ಹೋಗುತ್ತಿತ್ತು, ಗುಲಗಂಜಿ ಬಂದ ಅಂತ. ಅಂಗಡಿಯವರು ಇಟ್ಟ ಹೆಸರು ಅದು. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಒಳಗೊಳಗೇ ಹೆಮ್ಮೆಯೂ ಆಗತೊಡಗಿತು. ಗುಲಗಂಜಿಯಷ್ಟು ವ್ಯತ್ಯಾಸವನ್ನೂ ಬಿಡದವನು ಎಂದು ತಾನೇ ಅದರ ಅರ್ಥ. ಮನೆಯಲ್ಲೂ ಹಾಗೆಯೇ ಆಗಿಹೋಗಿದ್ದ. ಹೆಂಡತಿ ಒಂದು ಮಾತಾಡಿದರೆ ಅದನ್ನು ಒಂದು ತಟ್ಟೆಯಲ್ಲಿಟ್ಟು, ಅವಳು ಆಡದೆ ಬಿಟ್ಟಿದ್ದನ್ನು ಇನ್ನೊಂದು ತಟ್ಟೆಯಲ್ಲಿಟ್ಟು ನೋಡುತ್ತಿದ್ದ.

ಟವೆಲ್ ಬಿಚ್ಚಿ ಕತ್ತಿಯನ್ನು ತೆಗೆದ. ಮಾವನ ಕ್ಷೌರದ ಕತ್ತಿ. ಹಿಡಿಯೊಳಗೆ ಮಡಚಿಕೊಳ್ಳುವ, ಈಗ ಯಾರೂ ಬಳಸದ ಹಳೇ ಕಾಲದ ಜಾತಿ. ಹಿಡಿ ಎಮ್ಮೆಯ ಕೊಂಬಿನದು, ತುದಿಯಲ್ಲಿ ಹುಳ ತಿಂದಿದೆ. ಅವನ ಕೈಗೆ ಸಿಕ್ಕಾಗ ಅಲಗು ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಹಿಡಿಯಿಂದ ಹೊರಕ್ಕೆ ಬರಲೊಲ್ಲದೆ ಕಚ್ಚಿಕೊಂಡಿತ್ತು. ಸಿಕ್ಕಿತು ಅನ್ನುವುದೂ ಪೂರ್ತಿ ನಿಜವಲ್ಲ. ಮಾವನಿಗೆ ಕಣ್ಣಿನ ಆಪರೇಷನ್ ಆದ ದಿನ ಆಸ್ಪತ್ರೆಯಿಂದ ಹೆಂಡತಿ ಫೋನ್ ಮಾಡಿ ಅಪ್ಪನ ಪೆಟ್ಟಿಗೆಯಲ್ಲಿ ಒಂದು ಒಗೆದ ಬನಿಯನ್ ಇದೆ, ತಂದುಕೊಡಿ ಅಂದಿದ್ದಳು. ಬನಿಯನ್ ಮೇಲೆಯೇ ಇತ್ತು. ಅವನು ಮಾತ್ರ ಪೆಟ್ಟಿಗೆಯ ತಳದವರೆಗೂ ಕೈಯಾಡಿಸಿದ. ಒಂದು ಸೀಟಿ, ಸುಣ್ಣ ಬಳಿದಂತೆ ಬೆಳ್ಳಗಿದ್ದ ಕ್ಯಾನ್ವಾಸ್ ಶೂ, ಒಂಟಿ ಕಾಲುಚೀಲ, ಆ ಕಾಲುಚೀಲದೊಳಗೆ ಇದು. ಮಾವ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ತೆಗೆದುಕೊಂಡೆ ಅನ್ನಬೇಕೋ ಕದ್ದೆ ಅನ್ನಬೇಕೋ ಎಂದು ಅವನು ಆಗಾಗ ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಕೇಳಿಕೊಂಡು ಸುಮ್ಮನಾಗುತ್ತಿದ್ದ.

ಕಲ್ಲಿಗೆ ನೀರು ಚಿಮುಕಿಸಿ ಅಲಗನ್ನು ಮಲಗಿಸಿದ. ಅಲಗಿನ ಬೆನ್ನು ಮತ್ತು ಕೊಯ್ಯುವ ಬಾಯಿ ಎರಡೂ ಒಟ್ಟಿಗೆ ಕಲ್ಲಿಗೆ ತಾಗಿರಬೇಕು, ಬಾಯಿ ಮುಂದಾಗಿ ಹೋಗಬೇಕು, ತಿರುಗಿಸುವಾಗ ಬೆನ್ನಿನ ಮೇಲೆ ಹೊರಳಿಸಬೇಕು. ಫೋನಿನ ವಿಡಿಯೋದಲ್ಲಿ ಮುಖ ತೋರಿಸದ ಒಬ್ಬ ಮನುಷ್ಯ ಇದನ್ನೆಲ್ಲ ಹೇಳಿಕೊಟ್ಟಿದ್ದ. ಬರೀ ಕೈ ಕಾಣುತ್ತಿತ್ತು, ಆ ಕೈಯಲ್ಲಿ ಒಂದು ಗೀರೂ ಇರಲಿಲ್ಲ. ಇವನು ನಿಜವಾಗಿ ಈ ಕೆಲಸ ಮಾಡುವವನೇ ಅಲ್ಲ ಎಂದು ಅವನಿಗೆ ಆಗಲೇ ಗುಮಾನಿ. ಭಾರ ಹಾಕಬೇಡಿ, ಕತ್ತಿಯ ತೂಕವೇ ಸಾಕು ಎಂದು ಆ ಮನುಷ್ಯ ಹೇಳಿದಾಗಲಂತೂ ನಗು ಬಂದಿತ್ತು. ತೂಕದ ಬಗ್ಗೆ ತನಗೆ ಹೇಳಿಕೊಡುವುದೇ? ಒಂದು ಹಿಡಿ ಅವಲಕ್ಕಿಯಷ್ಟೂ ತೂಗದ ವಸ್ತು ತನ್ನ ಭಾರದಿಂದ ತಾನೇ ಹರಿತವಾಗುವುದುಂಟೇ? ಹೆಬ್ಬೆರಳಿಟ್ಟು ಒತ್ತಿ ಉಜ್ಜಿದ. ಅಲಗಿನ ಬಾಯಿ ಇಲಿ ಕಡಿದ ಹಾಗೆ ಚಕ್ಕೆಚಕ್ಕೆಯಾಗಿ ಹೋಯಿತು. ಮತ್ತೆ ಮೊದಲಿನಿಂದ. ಆಮೇಲೆ ಚರ್ಮದ ಮೇಲೆ ಎಳೆಯುವ ಹಂತ. ಅದಕ್ಕೆ ತನ್ನ ಆಫೀಸಿನ ಬೆಲ್ಟನ್ನೇ ಕಿಟಕಿಯ ಸರಳಿಗೆ ಸಿಕ್ಕಿಸಿ, ಬೆನ್ನು ಮುಂದಾಗಿ ಎಳೆಯುವ ಬದಲು ಬಾಯಿ ಮುಂದಾಗಿ ಎಳೆದು ಬೆಲ್ಟನ್ನೇ ಸಿಗಿದುಹಾಕಿದ. ಆ ಬೆಲ್ಟಿನಲ್ಲೇ ಇಲಾಖೆಯ ಮೀಟಿಂಗಿಗೆ ಹೋಗಿ, ಹೊಟ್ಟೆ ಒಳಗೆಳೆದುಕೊಂಡು, ಯಾರಾದರೂ ನೋಡುತ್ತಾರಾ ಎಂದು ಎಲ್ಲರನ್ನೂ ನೋಡುತ್ತ ಕೂತಿದ್ದ. ಸಾಲದ್ದಕ್ಕೆ, ಹರಿತ ಬಂತೇ ಎಂದು ಎಡಗೈಯ ಕೂದಲಿನ ಮೇಲೆ ಪರೀಕ್ಷಿಸಿ ಪರೀಕ್ಷಿಸಿ ಮುಂಗೈ ಒಂದು ಅಂಗೈಯಷ್ಟು ಬೋಳಾಗಿತ್ತು. ಆಫೀಸಿನ ಗುಮಾಸ್ತ ಅದನ್ನು ನೋಡಿಯೇಬಿಟ್ಟ. ಏನ್ಸಾರ್, ಡಾಕ್ಟ್ರು ಬೋಳಿಸಿದ್ರಾ ಎಂದು ಎಲ್ಲರೆದುರಿಗೇ ಕೇಳಿದ. ಅವನು ಅಲರ್ಜಿ ಅಂದ. ಗುಮಾಸ್ತ ಅಲರ್ಜಿಗೆ ತನಗೆ ಗೊತ್ತಿದ್ದ ಮದ್ದನ್ನೆಲ್ಲ ಹೇಳಿದ, ಅವನು ತಲೆಯಾಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡ.

ಇದಕ್ಕೆಲ್ಲ ಕಾರಣವಾದ ಆ ದಿನವನ್ನು ಮರೆಯುವ ಹಾಗಿರಲಿಲ್ಲ. ಬಚ್ಚಲಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಸ್ಟೂಲಿನ ಮೇಲೆ ಮಾವ, ಮುಂದೆ ಹೆಂಡತಿ, ಕೈಯಲ್ಲಿ ಪ್ಲಾಸ್ಟಿಕ್ ರೇಜರು. ಮಾವನ ಬಲಗೈ ಆಗಲೇ ನಡುಗಲು ಶುರುವಾಗಿತ್ತು, ಲೋಟ ಹಿಡಿದರೆ ಅಂಗಿಯ ಮುಂಭಾಗ ಒದ್ದೆ. ಆಫೀಸಿಗೆ ಹೊತ್ತಾಗಿದ್ದ ಅವಳು ತಳ ಹಿಡಿದ ಪಾತ್ರೆ ಕೆರೆದಂತೆ ಅಪ್ಪನ ಗಲ್ಲ ಕೆರೆಯುತ್ತಿದ್ದಳು. ಗದ್ದದ ಮೇಲೆ ಎರಡು ಮೂರು ಕಡೆ ಪೇಪರಿನ ಚೂರು ಅಂಟಿಸಿತ್ತು, ಚೂರಿನ ನಡುವೆ ಕೆಂಪು ಚುಕ್ಕೆ. ಒಂದು ಕಾಲಕ್ಕೆ ಇಡೀ ಶಾಲೆಯನ್ನು ಒಂದು ಸೀಟಿಗೆ ನೆಟ್ಟಗೆ ನಿಲ್ಲಿಸುತ್ತಿದ್ದ ಮನುಷ್ಯ ಗೋಡೆ ನೋಡುತ್ತ ಕೂತಿದ್ದರು. ಅವರು ತಿರುಗಿದಾಗ ಅವನು ಅಲ್ಲಿ ನಿಂತಿದ್ದ. ಅವನು ನೋಡಿಬಿಟ್ಟದ್ದು ಅವರಿಗೆ ಗೊತ್ತಾಯಿತು. ಅಂದಿನಿಂದ ಮಾವ ಗಡ್ಡ ಮಾಡುವುದೇ ಬೇಡ ಅಂದುಬಿಟ್ಟರು. ಬಿಳಿ ಗಡ್ಡ ಬೆಳೆಯಿತು, ಅದರಲ್ಲಿ ಅನ್ನದ ಅಗುಳು ನಿಲ್ಲತೊಡಗಿತು. ಪಾಪ ಅನ್ನಿಸಿತ್ತು, ಸುಳ್ಳಲ್ಲ. ಕತ್ತಿಯನ್ನು ಸರಿಮಾಡಬೇಕು ಎಂದು ಹೊಳೆದಿದ್ದೂ ಆ ಪಾಪ ಅನ್ನಿಸಿದ್ದರಿಂದಲೇ. ಆದರೆ ಆ ಯೋಚನೆ ಮನಸ್ಸಿನಲ್ಲಿ ಬೆಳೆಯುತ್ತ ಬೆಳೆಯುತ್ತ ಒಂದು ಚಿತ್ರವಾಯಿತು. ಆ ಚಿತ್ರದಲ್ಲಿ ಮಾವ ಬಾಗಿಲಲ್ಲಿ ನಿಂತಿದ್ದಾರೆ, ಹೊರಗೆ ಅವರ ಮಗನ ಕಾರು ನಿಂತಿದೆ, ಅಳಿಯ ಒಳಗಿನಿಂದ ಬಂದು ಥಳಥಳಿಸುವ ಕತ್ತಿಯನ್ನು ಕೈಗಿಡುತ್ತಾನೆ, ಮಾವನ ಕಣ್ಣು ತುಂಬುತ್ತದೆ, ಬಾವಮೈದುನ ತಲೆ ತಗ್ಗಿಸುತ್ತಾನೆ. ಕಣ್ಣಿನ ಆಪರೇಷನ್ ಆಗುವವರೆಗೆ ಎಂದು ಬಂದವರು ಕಣ್ಣು ಸರಿಹೋದ ಮೇಲೂ ಇದ್ದರು. ಹೊರಗಿನ ಕೋಣೆ ಅವರದಾಯಿತು, ಕಿಟಕಿಯ ಪಕ್ಕದ ಅವನ ಕುರ್ಚಿ ಅವರದಾಯಿತು. ಹೋಗುವ ಮಾತನ್ನು ಯಾರೂ ಎತ್ತಲಿಲ್ಲ. ತನ್ನ ಮನೆಯಲ್ಲಿ ತಾನೇ ಮಂಚದ ತುದಿಯಲ್ಲಿ ಕೂತು ಪೇಪರ್ ಓದುವ ಹಾಗಾಯಿತಲ್ಲ ಎಂದು ಅವನು ಒಳಗೇ ಕುದಿದ, ಕುದಿದಿದ್ದಕ್ಕೆ ನಾಚಿಕೆಪಟ್ಟ, ಮರುದಿನ ಮತ್ತೆ ಕುದಿದ.

ಇನ್ನು ಹೆಂಡತಿಯ ಫೋನು. ಅವಳು ಅಣ್ಣನೊಡನೆ ಮಾತಾಡುತ್ತಿದ್ದವಳು ಅವನು ಒಳಗೆ ಬಂದರೆ ದನಿ ಇಳಿಸುತ್ತಿದ್ದಳು, ಆಮೇಲೆ ಮಾಡ್ತೀನಿ ಎಂದು ಇಟ್ಟುಬಿಡುತ್ತಿದ್ದಳು. ಏನಂತೆ ಎಂದು ಕೇಳಿದರೆ, ಏನಿಲ್ಲ, ಸುಮ್ನೆ. ಸುಮ್ಮನೆ ಮಾತಾಡುವವರು ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾರೆಯೇ? ಅವನಿಗೆ ಲೆಕ್ಕ ಸ್ಪಷ್ಟವಾಗಿತ್ತು. ಅಣ್ಣ ತಂಗಿ ಸೇರಿ ಮಾವನನ್ನು ಖಾಯಮ್ಮಾಗಿ ಇಲ್ಲೇ ಇರಿಸುವುದಕ್ಕೆ ನೋಡುತ್ತಿದ್ದಾರೆ. ತನಗೆ ನುಣ್ಣಗೆ ತಲೆ ಬೋಳಿಸುವ ಏರ್ಪಾಟು. ಬೋಳಿಸುವ ಸಾಮಾನು ತನ್ನ ಕೈಯಲ್ಲೇ ಇದೆಯಲ್ಲ ಎಂದು ಹೊಳೆದು ಒಬ್ಬನೇ ನಕ್ಕ. ಕಲ್ಲಿನ ಮೇಲೆ ಅಲಗು ಸರ್, ಸರ್ ಎನ್ನುತ್ತಿತ್ತು. ಈಗ ಅವನು ಒತ್ತುತ್ತಿರಲಿಲ್ಲ. ಆ ಮುಖವಿಲ್ಲದ ಮನುಷ್ಯ ಹೇಳಿದ್ದು ನಿಜವಿತ್ತು, ಒಪ್ಪಿಕೊಳ್ಳುವುದಕ್ಕೆ ಅವನಿಗೆ ಇಷ್ಟು ವಾರ ಹಿಡಿಯಿತು. ಬಿಸಿಲಿಗೆ ಹಿಡಿದು ನೋಡಿದ. ಅಲಗಿನ ಮೈಮೇಲೆ ಮೊದಲು ಏನೋ ಬಂಗಾರದ ಬಣ್ಣದ ಅಕ್ಷರಗಳಿದ್ದವು, ಉಪ್ಪುಕಾಗದದಲ್ಲಿ ಉಜ್ಜುವಾಗ ತುಕ್ಕಿನ ಜೊತೆ ಅವೂ ಹೋದವು. ಹೋದಮೇಲೆಯೇ ಅವು ಅಕ್ಷರ ಎಂದು ಗೊತ್ತಾದದ್ದು. ಏನು ಬರೆದಿತ್ತೋ ಓದಿರಲಿಲ್ಲ.

ಹಿಂದೆ ಹೆಂಡತಿ ನಿಂತಿದ್ದಳು. ಅವನು ಟವೆಲ್ಲಿಗೆ ಕೈಹಾಕಿದ. ಅವಳು ಟವೆಲ್ಲಿನ ಕಡೆ ನೋಡಲೇ ಇಲ್ಲ.

"ಅಪ್ಪ ಶೂ ಹಾಕ್ಕೊಂಡು ಕೂತಿದ್ದಾರೆ," ಅಂದಳು. "ಬ್ಯಾಗ್ ತುಂಬಿಸ್ಕೊಂಡಿದ್ದಾರೆ. ಅಣ್ಣ ಬರ್ತಿದ್ದಾನೆ ಕರ್ಕೊಂಡು ಹೋಗೋಕೆ."

ಎದೆಯೊಳಗೆ ಏನೋ ಹಗುರಾಯಿತು. ಹಗುರಾದದ್ದು ಮುಖದಲ್ಲಿ ಕಾಣಿಸಿತೇನೋ ಎಂದು ಅವನು ಕತ್ತಿಯನ್ನು ನೋಡುವಂತೆ ತಲೆ ಬಗ್ಗಿಸಿದ. ಅವಳು ಗೋಡೆಗೆ ಒರಗಿ ನಿಂತು ಹೇಳುತ್ತ ಹೋದಳು, ಅಳು ಬಂದರೂ ಅಳದೆ, ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದವಳ ಹಾಗೆ. ಕತ್ತಿಯ ವಿಷಯ ಅವಳಿಗೆ ಮೊದಲಿನಿಂದಲೂ ಗೊತ್ತು. ಹಿತ್ತಲು ತೊಳೆಯುವಾಗ ಗಂಟನ್ನು ತೆಗೆದು ಮತ್ತೆ ಸುತ್ತಿಟ್ಟವಳು ಅವಳೇ. ಅಪ್ಪನಿಗೋಸ್ಕರ ಗುಟ್ಟಾಗಿ ಮಾಡುತ್ತಿದ್ದಾರೆ ಅಂದುಕೊಂಡು, ಖುಷಿಯಾಗಿ, ಬಾಯಿ ಮುಚ್ಚಿಕೊಂಡಿದ್ದಳು. ಇವತ್ತು ಅಣ್ಣ ಫೋನ್ ಮಾಡಿದ, ಬಾವ ಎಲ್ಲಿ ಅಂದ. ಲೈನು ಸರಿಯಿರಲಿಲ್ಲ, ಜೋರಾಗಿ ಹೇಳಬೇಕಾಯಿತು. ಏನು ಹೇಳಿದೆ ಎಂದು ಅವನು ಕೇಳಿದ.

"ಇನ್ನೇನ್ ಹೇಳ್ತೀನಿ? ಬೆಳಗ್ಗೆಯಿಂದ ಕತ್ತಿ ಮಸೀತಾ ಕೂತಿದ್ದಾರೆ ಅಂದೆ. ಅಪ್ಪನಿಗೆ ಗೊತ್ತಿಲ್ಲ, ನೀನೂ ಬಾಯ್ಬಿಡ್ಬೇಡ ಅಂದೆ."

ಪಕ್ಕದ ಕೋಣೆಯಲ್ಲಿ ಮಾವ ಇದ್ದರು. ಅವರ ಒಂದು ಕಿವಿ ಪೂರ್ತಿ ಕೇಳಿಸದು, ಇನ್ನೊಂದು ಕೇಳಿಸಬಾರದ್ದನ್ನೇ ಹುಡುಕಿ ಕೇಳಿಸಿಕೊಳ್ಳುವಂಥದ್ದು. ಅವಳು ಫೋನ್ ಇಡುವ ಮೊದಲೇ ಎದ್ದು ಬಂದು, ನನಗೂ ಸ್ವಲ್ಪ ಕೊಡು ಎಂದು ಇಸಿದುಕೊಂಡು, ಮಗನಿಗೆ ಬಾ, ಈಗಲೇ ಬಾ ಎಂದರಂತೆ. ಅಳಿಯಂದಿರು ನನ್ನ ಮೇಲೆ ಕತ್ತಿ ಮಸೆಯುವ ಮನೆಯಲ್ಲಿ ನನಗೇನು ಕೆಲಸ ಅಂದರಂತೆ. ಅವಳು ಎಷ್ಟು ಹೇಳಿದರೂ ಕೇಳಲಿಲ್ಲ. ಮಗಳು ಗಂಡನ ಮಾನ ಮುಚ್ಚುವುದಕ್ಕೆ ಕಥೆ ಕಟ್ಟುತ್ತಿದ್ದಾಳೆ ಎಂದು ಶೂಗೆ ಕೈಹಾಕಿದರು, ಲೇಸು ಕಟ್ಟಲಾಗದೆ ಬಿಟ್ಟರು. ಅವನಿಗೆ ನಗು ಬಂತು. ಒಂದೇ ಒಂದು ಪದ ಬಿಟ್ಟುಹೋಗಿದ್ದಕ್ಕೆ ಇಷ್ಟೆಲ್ಲ. ಕ್ಷೌರದ ಕತ್ತಿ ಅಂದಿದ್ದರೆ ಆಗುತ್ತಿತ್ತು.

"ನಗ್ತೀರಾ?" ಅಂದಳು. "ಇಷ್ಟು ದಿನ ಅಣ್ಣನ ಹತ್ರ ಗೋಗರೆದಿದ್ದೀನಿ, ಸ್ವಲ್ಪ ದಿನ ಅಪ್ಪನ್ನ ಇಟ್ಕೋ, ಇವರ ಮುಖ ನೋಡೋಕಾಗ್ತಿಲ್ಲ ಅಂತ. ಅವನು ಜಪ್ಪಯ್ಯ ಅನ್ಲಿಲ್ಲ. ಈಗ ಅಪ್ಪಾನೇ ಕರೆದ್ರಲ್ಲ, ಬರ್ತಿದ್ದಾನೆ. ನಿಮಗೆ ಬೇಕಾಗಿದ್ದು ಆಯ್ತು."

ಅವಳು ಒಳಗೆ ಹೋದಳು. ಸೆರಗು ಅಡ್ಡ ಹಿಡಿದು ಆಡಿದ ಮಾತೆಲ್ಲ ಇದೇ ಆಗಿತ್ತು. ತನ್ನ ಮುಖವನ್ನು ಅಷ್ಟು ಸುಲಭವಾಗಿ ಓದಬಹುದಿತ್ತೇ? ಅನುಮಾನಪಡುವವನು ತಾನು, ಎಲ್ಲರ ತಟ್ಟೆಯ ಕೆಳಗೆ ಕೈಹಾಕುವವನು ತಾನು ಎಂದು ತಿಳಿದಿದ್ದವನನ್ನು ಇವರೆಲ್ಲ ಎಂದೋ ತೂಗಿ, ಪಕ್ಕಕ್ಕಿಟ್ಟು, ಮಾತಾಡದೆ ಇದ್ದರು. ಬೇಕಾಗಿದ್ದು ಆಗಿತ್ತು, ನಿಜ. ಆದರೆ ಹೀಗೆ ಹೋಗಬಾರದು. ತನ್ನನ್ನು ಕೊಲೆಗಡುಕನ ಹಾಗೆ ಕಂಡು ಹೋಗುವುದೆಂದರೇನು? ಎದ್ದು ಒದ್ದೆ ಕೈ ಒರೆಸಿಕೊಂಡು ಒಳಗೆ ನಡೆದ. ನಡುಮನೆಯ ಕನ್ನಡಿಯಲ್ಲಿ ಬಿಚ್ಚಿದ ಕತ್ತಿ ಹಿಡಿದು ಧುಮುಧುಮು ಬರುವ ಒಬ್ಬ ಮನುಷ್ಯನನ್ನು ಕಂಡು ಗಾಬರಿಯಾಗಿ ಅಲಗನ್ನು ಹಿಡಿಯೊಳಗೆ ಮಡಚಿದ.

ಮಾವ ಕುರ್ಚಿಯಲ್ಲಿರಲಿಲ್ಲ, ಮಂಚದ ತುದಿಯಲ್ಲಿ ಕೂತಿದ್ದರು. ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ನೆಟ್ಟಗೆ ಸರಿಸಿ, ದಿಂಬು ಕೊಡವಿ, ಖಾಲಿ ಮಾಡಿಟ್ಟಿದ್ದರು. ಬೆನ್ನು ನೇರ, ಮಂಡಿಯ ಮೇಲೆ ಬ್ಯಾಗು, ಶೂ ಲೇಸು ನೆಲದ ಮೇಲೆ. ಅವನು ಕತ್ತಿಯನ್ನು ಅಂಗೈ ಮೇಲಿಟ್ಟು ಮುಂದೆ ಚಾಚಿದ. ಇದು ನಿಮ್ಮದೇ, ಇದನ್ನೇ ಮಸೆಯುತ್ತಿದ್ದೆ, ಅವಳು ಹೇಳಿದ್ದು ಇದರ ವಿಷಯ ಎಂದು ತಕ್ಕಡಿಯ ತಪ್ಪು ತಿದ್ದಿ ತೋರಿಸುವವನ ಹಾಗೆ ಹೇಳಿದ. ಮಾವ ತಕ್ಷಣ ಮುಟ್ಟಲಿಲ್ಲ. ಪೆಟ್ಟಿಗೆ ತೆಗೆದದ್ದು ಯಾವಾಗ ಎಂದು ಕೇಳಿದರು. ಆಪರೇಷನ್ ದಿನ ಅಂದ. ಓಹೋ, ನನ್ನ ಕಣ್ಣು ಕಟ್ಟಿದ್ದಾಗ ಅಂದರು. ಆಮೇಲೆ ತೆಗೆದುಕೊಂಡು, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಬಿಚ್ಚಿ, ಅಲಗನ್ನು ಬೆಳಕಿಗೆ ಹಿಡಿದರು. ಅಕ್ಷರ ಇತ್ತಲ್ಲ ಅಂದರು. ಉಜ್ಜುವಾಗ ಹೋಯಿತು ಅಂದ. ಅಕ್ಷರ ಅಳಿಸಿಹೋದ ಜಾಗವನ್ನು ಅವರು ಹೆಬ್ಬೆರಳಿನಿಂದ ಸವರಿದರು, ಅದರಲ್ಲಿ ಏನಿತ್ತೆಂದು ಅವರೂ ಹೇಳಲಿಲ್ಲ, ಅವನಿಗೂ ಕೇಳುವ ಧೈರ್ಯ ಬರಲಿಲ್ಲ. ಅಲಗಿನ ಬಾಯನ್ನು ಉಗುರಿನ ಮೇಲೆ ಇಟ್ಟು ನೋಡಿದರು. ಚೆನ್ನಾಗಿ ಬಂದಿದೆ ಎಂದು ಮುಖ ಹೇಳಿತು, ಬಾಯಿ ಬೇರೆ ಕೇಳಿತು.

"ಯಾಕೆ ಮಾಡ್ದೆ ಇದನ್ನ?"

ನಿಮಗೋಸ್ಕರ ಎಂಬ ಮಾತು ಬಾಯಲ್ಲಿ ಸಿದ್ಧವಾಗಿತ್ತು. ಎಷ್ಟೋ ದಿನದಿಂದ ಸಿದ್ಧವಾಗಿತ್ತು. ಆದರೆ ಎದುರಿಗೆ ಬ್ಯಾಗು, ಶೂ, ಹೊರಗೆ ಬರಲಿರುವ ಕಾರು, ತಾನು ಮನಸ್ಸಿನಲ್ಲಿ ಬರೆದುಕೊಂಡ ಚಿತ್ರ ಹಾಗ್ಹಾಗೇ ಎದುರಿಗಿರುವಾಗ ನಾಲಗೆ ಆ ಚಿತ್ರದ ಮಾತನ್ನೇ ಆಡಿಬಿಟ್ಟಿತು.

"ನೀವು ಹೋಗುವಾಗ ಕೊಡೋಣ ಅಂತ."

ಆಡಿದ ಮೇಲೆ ಕೇಳಿಸಿತು. ಮಾವ ತಲೆಯಾಡಿಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದಿಂದ ಸರಿಹೋಗದ ಲೆಕ್ಕ ಒಂದು ಕೂಡಿಬಂದಾಗ ಆಗುವ ಸಮಾಧಾನವಿತ್ತು.

"ಹಾಗಾದ್ರೆ ನನಗೆ ಸರಿಯಾಗೇ ಕೇಳಿಸಿದೆ," ಅಂದರು.

ಹಾಗಲ್ಲ ಎಂದು ಅವನು ಶುರುಮಾಡಿದ. ಆದರೆ ಎಷ್ಟೋ ದಿನ ಹಿತ್ತಲಲ್ಲಿ ಕೂತು, ಬೆರಳು ಕೊಯ್ದುಕೊಂಡು, ಕೈ ಬೋಳಿಸಿಕೊಂಡು ಮಾಡಿದ ಕೆಲಸದ ಹೆಸರನ್ನು ಹೆಂಡತಿ ಫೋನಿನಲ್ಲಿ ಸರಿಯಾಗಿಯೇ ಹೇಳಿದ್ದಳು, ಒಂದು ಪದವೂ ಬಿಟ್ಟುಹೋಗಿರಲಿಲ್ಲ. ಮಾವ ಕತ್ತಿಯನ್ನು ಅವನ ಕಡೆ ಚಾಚಿದರು. ಹಿಂದಕ್ಕೆ ಕೊಡುತ್ತಿದ್ದಾರೆ ಎಂದು ಅವನ ಕಣ್ಣು ಉರಿಯಿತು.

"ಬಿಸಿನೀರು ತಗೊಂಡ್ ಬಾ," ಅಂದರು. "ಹೀಗೇ ಹೋದ್ರೆ ನನ್ನ ಮಗ ಏನಂದ್ಕೋತಾನೆ? ಅಳಿಯ ಒಂದು ಗಡ್ಡಾನೂ ಮಾಡಿಸ್ಲಿಲ್ಲ ಅಂತಾನೆ. ಆ ಮಾತು ನಿನಗೆ ಬರೋದು ಬೇಡ."

ಇದು ಪರೀಕ್ಷೆಯೋ, ಮರ್ಯಾದೆಯೋ, ಅಣಕವೋ ಅವನಿಗೆ ತಿಳಿಯಲಿಲ್ಲ. ಹೆಂಡತಿ ಬಿಸಿನೀರು, ಸೋಪು, ಬ್ರಷ್ಷು ತಂದು ಮಂಚದ ಮೇಲಿಟ್ಟಳು, ಅಪ್ಪನ ಕೊರಳಿಗೆ ಟವೆಲ್ ಸುತ್ತಿದಳು, ಇಬ್ಬರ ಮುಖವನ್ನೂ ನೋಡದೆ ಬಾಗಿಲ ಬಳಿ ಹೋಗಿ ನಿಂತಳು. ಅವನು ನೊರೆ ಹಚ್ಚಿದ. ಎಷ್ಟೋ ವರ್ಷದಿಂದ ಅಳಿಯನಾಗಿದ್ದರೂ ಮಾವನ ಮುಖವನ್ನು ಮುಟ್ಟಿದ್ದು ಇದೇ ಮೊದಲು. ಮೂಳೆ ಅಷ್ಟು ಮೇಲೆಯೇ ಸಿಗುತ್ತದೆ ಎಂದು ಅವನು ಎಣಿಸಿರಲಿಲ್ಲ. ಕಿವಿಯ ಪಕ್ಕದಿಂದ ಶುರುಮಾಡಿದ. ಮೊದಲ ಎಳೆತಕ್ಕೆ ನೊರೆಯ ಜೊತೆ ಬಿಳಿಗೂದಲು ನುಣ್ಣಗೆ ಬಂತು, ಕೆಳಗೆ ಗುಲಾಬಿ ಬಣ್ಣದ ಚರ್ಮ ಕಂಡಿತು. ಮಾವ ಕಣ್ಣು ಮುಚ್ಚಲಿಲ್ಲ. ರಿಪೇರಿಯಾದ ಆ ಎರಡು ಕಣ್ಣುಗಳು ರೆಪ್ಪೆ ಬಡಿಯದೆ ಅವನನ್ನೇ ನೋಡುತ್ತಿದ್ದವು. ಇವರಿಗೆ ನನ್ನ ಮೇಲೆ ನಂಬಿಕೆಯಿಲ್ಲ, ಇಲ್ಲದಿದ್ದರೂ ಮುಖ ಕೊಟ್ಟಿದ್ದಾರೆ, ಯಾಕೆ ಕೊಟ್ಟರು ಎಂದು ಯೋಚಿಸುತ್ತ ಅವನು ಎರಡು ಎಳೆತ ಎಳೆದ.

"ಉಸಿರು ಹಿಡ್ಕೊಂಡಿದ್ದೀಯ," ಅಂದರು ಮಾವ. "ಬಿಡು."

ಬಿಟ್ಟ. ಒಂದು ಕೆನ್ನೆ ಮುಗಿಯಿತು. ಗದ್ದದ ಕೆಳಗೆ ಬರಬೇಕಾದರೆ ತಲೆ ಎತ್ತಬೇಕು ಎಂದು ಹೇಳುವುದಕ್ಕೆ ಅವನು ಪದ ಹುಡುಕುತ್ತಿದ್ದ, ಮಾವ ತಾವೇ ತಲೆ ಹಿಂದಕ್ಕೆ ಚೆಲ್ಲಿದರು. ಕೊರಳು ಬಯಲಾಯಿತು. ತೆಳ್ಳಗಿನ ಚರ್ಮದ ಕೆಳಗೆ ನಾಡಿ ಹಾರುತ್ತಿತ್ತು. ಎಡಗೈಯಿಂದ ಚರ್ಮ ಬಿಗಿ ಹಿಡಿದು ಅಲಗನ್ನು ಇಟ್ಟ. ಭಾರ ಹಾಕಲಿಲ್ಲ. ಒಂದು ಕ್ಷಣ ತನ್ನ ಕೈಯ ಮೇಲೆಯೇ ಅವನಿಗೆ ಅನುಮಾನ ಬಂತು. ಇದು ಏನು ಬೇಕಾದರೂ ಮಾಡಬಲ್ಲ ಕೈ, ಮಾಡದಿರುವುದಕ್ಕೆ ತಾನು ಒಳ್ಳೆಯವನೆಂಬುದು ಕಾರಣವಲ್ಲ ಎಂದು ಹೊಳೆಯಿತು. ಅದೇ ಹೊತ್ತಿಗೆ ಹೊರಗೆ ಹಾರನ್ ಕೂಗಿತು. ಕಾರಿನ ಬಾಗಿಲು ಹಾಕಿದ ಸದ್ದು ಬಂತು. ಬಾವಮೈದುನ ಗೇಟಿನಿಂದಲೇ, ಅಪ್ಪ ರೆಡಿನಾ, ಇಲ್ಲಿ ಗಾಡಿ ನಿಲ್ಲಿಸೋಕೆ ಬಿಡಲ್ಲ ಎಂದು ಕೂಗಿದ.

"ಏನು ಹೇಳ್ಲಿ?" ಎಂದು ಹೆಂಡತಿ ಕೇಳಿದಳು. ಅವಳು ಕೇಳಿದ್ದು ಅಪ್ಪನನ್ನು.

ಮಾವ ಮಾತಾಡುವ ಹಾಗಿರಲಿಲ್ಲ. ಅಲಗು ಕೊರಳಿನ ಮೇಲೆ ಇತ್ತು. ತುಟಿ ಅಲುಗಿದರೂ ಗಂಟಲ ಮಣಿ ಏರಿ ಅಲಗಿನ ಬಾಯಿಗೆ ತಾಗುತ್ತದೆ, ಅದು ಮೂವರಿಗೂ ಗೊತ್ತಿತ್ತು. ಅವರ ಕಣ್ಣು ಮಾತ್ರ ಅವನ ಮೇಲಿತ್ತು. ಕೇಳುತ್ತಿರಲಿಲ್ಲ ಆ ಕಣ್ಣು, ಬೇಡುತ್ತಿರಲಿಲ್ಲ, ಇವನು ಏನು ಹೇಳುತ್ತಾನೋ ನೋಡೋಣ ಎಂದು ಕಾದಿತ್ತು, ಅಷ್ಟೇ. ಕತ್ತಿ ಎತ್ತಿದರೆ ಅವರೇ ಉತ್ತರ ಹೇಳುತ್ತಾರೆ, ಬಂದೆ ಎನ್ನುತ್ತಾರೆ, ಎದ್ದು ಹೋಗುತ್ತಾರೆ. ಕುರ್ಚಿ ಖಾಲಿಯಾಗಿದೆ. ಒಂದು ಚೂರು ಕೈ ಎತ್ತಿದರೆ ಸಾಕು. ಹೊರಗೆ ಮತ್ತೆ ಹಾರನ್ ಆಯಿತು.

"ಬರಲ್ಲ ಅನ್ನು," ಅಂದ. ದನಿ ತನ್ನದೆನಿಸಲಿಲ್ಲ. "ಇವತ್ತು ಬರಲ್ಲ ಅನ್ನು."

ಹೆಂಡತಿ ಹೊರಗೆ ಹೋದಳು. ಗೇಟಿನ ಹತ್ತಿರ ಅಣ್ಣ ತಂಗಿಯ ದನಿ ಏರಿತು, ಇಳಿಯಿತು. ಹಾಗಾದ್ರೆ ನನ್ನನ್ನ ಯಾಕೆ ಕರೆಸಿದ್ರಿ ಎಂದು ಬಾವಮೈದುನ ಬೈಯುತ್ತಿದ್ದ, ಬೈಗುಳದಲ್ಲಿ ನಿರಾಳವೂ ಇತ್ತು. ಅವನು ಅಲಗನ್ನು ಕೊರಳಿನಿಂದ ಮೇಲಕ್ಕೆ ಕೊನೆಯವರೆಗೂ ಎಳೆದು, ಎತ್ತಿ, ನೊರೆಯನ್ನು ಟವೆಲ್ಲಿನ ಅಂಚಿಗೆ ಒರೆಸಿದ. ಈಗ ಮಾವ ಮಾತಾಡಬಹುದಿತ್ತು. ಅವರು ಗಂಟಲು ಸರಿಮಾಡಿಕೊಂಡರು.

"ಇವತ್ತು ಅಂದೆ," ಅಂದರು.

ಆ ಪದವನ್ನು ವಾಪಸು ತೆಗೆದುಕೊಳ್ಳಬಹುದಿತ್ತು, ಬಾಯಿತಪ್ಪಿ ಬಂತು ಅನ್ನಬಹುದಿತ್ತು. ಸುಳ್ಳಾಗುತ್ತಿತ್ತು, ಅದು ಇಬ್ಬರಿಗೂ ತಿಳಿಯುತ್ತಿತ್ತು. ನಾಳೆ ಬೆಳಗ್ಗೆ ಕುರ್ಚಿಯಲ್ಲಿ ಇವರನ್ನು ಕಂಡಾಗ ತಾನು ಮತ್ತೆ ಕುದಿಯುವುದಿಲ್ಲ ಎಂದು ಯಾವ ಧೈರ್ಯದ ಮೇಲೆ ಹೇಳುವುದು?

"ಅಂದೆ," ಎಂದ.

ಮಾವ ಮಂಡಿಯ ಮೇಲಿನ ಬ್ಯಾಗನ್ನು ಎತ್ತಿ ನೆಲದ ಮೇಲಿಟ್ಟರು.

"ಇರಲಿ ಬಿಡು," ಅಂದರು. "ಗಡ್ಡ ನಾಳೇನೂ ಬೆಳೆಯುತ್ತಲ್ಲ."

ಮುಖದ ಉಳಿದ ಅರ್ಧವನ್ನು ಅವನ ಕಡೆ ತಿರುಗಿಸಿದರು. ಅಲ್ಲಿ ನೊರೆ ಆಗಲೇ ಒಣಗಿತ್ತು. ಅವನು ಬ್ರಷ್ಷನ್ನು ಮತ್ತೆ ಬಿಸಿನೀರಿನಲ್ಲಿ ಅದ್ದಿದ.